‘ಪತ್ತೆಯಾಗಿಲ್ಲ’ ಎಂದು ನಾನು ಬರೆದ ಶರಾ

ಮಹಾದೇವಿ, ನಿನ್ನ ಅವ್ವ ಕೇಸು ಹಾಕಿದ್ದು ನಿಜ. ಗೆದ್ದದ್ದೂ ನಿಜ. ದಾವಾ ರಿಜಿಸ್ಟರಿನಲ್ಲಿ ಅವಳ ಹೆಸರನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ ನಿನ್ನ ಅರ್ಜಿಯ ಮೇಲೆ ‘ದಾಖಲೆ ಪತ್ತೆಯಾಗಿಲ್ಲ’ ಎಂದು ಬರೆದು, ಕೆಳಗೆ ಸಹಿ ಮಾಡಿ, ಕಿಟಕಿಯಿಂದ ನಿನ್ನ ಕೈಗೆ ಕೊಟ್ಟೆ.

ಇದನ್ನು ಮೊದಲು ಹೇಳಿಬಿಡಬೇಕಿತ್ತು. ಉಳಿದದ್ದೆಲ್ಲ ಹೇಗಾಯಿತು ಅನ್ನುವುದು ಅಷ್ಟೆ.

ನಾನು ಆಗ ತಾಲೂಕಿನ ಒಂದು ಕೋರ್ಟಿನ ರೆಕಾರ್ಡ್ ರೂಮಿನಲ್ಲಿದ್ದೆ. ವಾಡಿಯಲ್ಲಿ ಮನೆ. ಬೆಳಿಗ್ಗೆ ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಚಮಚೆ ಶೇಂಗಾ ಹಿಂಡಿ ಡಬ್ಬಿಗೆ ಹಾಕಿಕೊಂಡು ಪ್ಯಾಸೆಂಜರ್ ಗಾಡಿ ಹತ್ತುವುದು, ಸಂಜೆ ಅದೇ ಗಾಡಿಗೆ ವಾಪಸು. ಹಗಲೆಲ್ಲ ಬಸ್ತಾಗಳ ನಡುವೆ. ಬಸ್ತಾ ಅಂದರೆ ಮುಗಿದ ಕೇಸುಗಳ ಕಡತಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಗಂಟು — ನೀನೂ ನೋಡಿದ್ದಿ, ಕಿಟಕಿಯಿಂದ ಬಗ್ಗಿ. ‘ಅಗಸರ ಮನಿ ಇದ್ದಂಗ ಅದ ನೋಡ್ರಿ’ ಅಂದಿದ್ದಿ. ನಮ್ಮ ಜವಾನ ಖಲೀಲ ಚಾಚಾ ಅದಕ್ಕೆ, ‘ಅಗಸ ಒಗದು ವಾಪಸ್ ಕೊಡ್ತಾನವ್ವ, ನಾವು ಒಗ್ಯಾದೂ ಇಲ್ಲ, ಕೊಡಾದೂ ಇಲ್ಲ’ ಅಂತ ನಕ್ಕಿದ್ದರು. ನೀನೂ ನಕ್ಕಿದ್ದಿ. ಅವತ್ತು ನಿನಗೆ ನಗು ಇತ್ತು.

ನೀನು ಮೊದಲ ಸಲ ಬಂದಾಗ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಸೇಡಂ ಕಡೆಯ ಹಳ್ಳಿಯಲ್ಲಿ ನಿನ್ನ ಅಪ್ಪ ತೀರಿಕೊಂಡಿದ್ದ. ವಂಶಾವಳಿ ಬರೆಸುವಾಗ ಅವನ ಇನ್ನೊಬ್ಬ ಹೆಂಡತಿಯ ಮಗ ನಿನ್ನ ಹೆಸರು ಬಿಟ್ಟಿದ್ದ. ‘ನಿಮ್ಮವ್ವ ಶಹಾಬಾದದಾಗ ಫರ್ಸಿ ಕಲ್ಲು ಹೊತ್ತಾಕಿ, ನಮ್ಮಪ್ಪನ ಹೆಸರು ಎಲ್ಲಿಂದ ಹೊತ್ತು ತಂದ್ಲು’ ಅಂದಿದ್ದನಂತೆ, ಊರವರ ಮುಂದೆ. ನೀನು ಅದನ್ನು ಅಳದೆ ಹೇಳಿದಿ.

‘ಹೊಲ ಬ್ಯಾಡ್ರಿ ಅಕ್ಕಾರ. ಹೊಲ ಅವನೇ ಉಳಕೊಳ್ಳಲಿ. ನಾ ಸಣ್ಣಾಕಿ ಇದ್ದಾಗ ಅವ್ವ ಕೋರ್ಟಿಗಿ ಹೋಗಿ, ಈ ಕೂಸು ಅವಂದೇ ಅಂತ ಬರಸಕೊಂಡು ಬಂದಾಳಂತ ನಮ್ಮ ದೊಡ್ಡವ್ವ ಹೇಳ್ಯಾಳ. ಮನ್ಯಾಗಿದ್ದ ಕಾಗದ ಗೆದ್ದಲಾ ತಿಂದಾವ್ರಿ. ಅದರ ನಕಲು ಬೇಕು. ಮತ್ತ —’

ನಾನು ‘ಮತ್ತ ಏನು, ಲಗೂ ಹೇಳು’ ಅಂದೆ. ನಿನ್ನ ಹಿಂದೆ ಮೂರು ಜನ ನಿಂತಿದ್ದರು.

‘ಅವ್ವ ಸತ್ತಾಗ ನಂಗ ಐದು ವರ್ಷ್ರಿ. ಅಕಿ ಮಾತು ಒಂದೂ ನೆಪ್ಪಿಲ್ಲ. ಕೋರ್ಟಿನಾಗ ಅಕಿ ಏನು ಹೇಳ್ಯಾಳ, ಅದು ಬರಕೊಂಡಿರ್ತಾರಂತಲ್ರಿ? ಅದೊಂದು ಓದಬೇಕಾಗ್ಯಾದ.’

ಕಿಟಕಿಯ ಮುಂದೆ ಎಷ್ಟೋ ಮಂದಿ ಎಷ್ಟೋ ಕಾರಣಕ್ಕೆ ನಕಲು ಕೇಳಿದ್ದಾರೆ. ತಾಯಿಯ ಮಾತು ಬೇಕೆಂದು ಕೇಳಿದವಳು ನೀನೊಬ್ಬಳೇ.

ನಿನ್ನ ಹತ್ತಿರ ಕೇಸಿನ ನಂಬರ್ ಇರಲಿಲ್ಲ. ಅವ್ವನ ಹೆಸರು ಭೀಮಬಾಯಿ, ಅಪ್ಪನ ಹೆಸರು, ಅಂದಾಜಿನ ಒಂದು ವರ್ಷ. ಅಷ್ಟು ಸಾಕಿತ್ತು. ಹುಡುಕುವ ಅರ್ಜಿ ಬರೆಸಿ, ಎಂಟು ದಿನ ಬಿಟ್ಟು ಬಾ ಅಂದೆ. ಅವತ್ತೇ ಮಧ್ಯಾಹ್ನ ರಿಜಿಸ್ಟರ್ ತೆಗೆದು ಸಾಲು ಸಾಲು ಬೆರಳಿಟ್ಟು ನೋಡಿದೆ. ನೀನು ಹೇಳಿದ ವರ್ಷದಲ್ಲೇ ಸಿಕ್ಕಿತು. ವಾದಿ: ಅಲ್ಪವಯಸ್ಕ ಮಹಾದೇವಿ, ಪಾಲಕಿ ತಾಯಿ ಭೀಮಬಾಯಿ. ಕೊನೆಯ ಅಂಕಣದಲ್ಲಿ ಕೆಂಪು ಶಾಯಿಯಲ್ಲಿ — ಡಿಕ್ರಿ ಆಗಿದೆ. ನನಗೆ ಖುಷಿಯೇ ಆಯಿತು. ಎದ್ದು, ತೀರ್ಪಾದ ತಿಂಗಳ ಬಸ್ತಾ ಇಳಿಸಿ ಬಿಚ್ಚಿದೆ.

ಕಡತ ಅದರಲ್ಲಿ ಇರಲಿಲ್ಲ.

ಬಸ್ತಾದೊಳಗೆ ಒಂದು ಪಟ್ಟಿ ಇಟ್ಟಿರುತ್ತೇವೆ, ಯಾವ ಯಾವ ಕಡತ ಇದೆ, ಕಟ್ಟಿದವರು ಯಾರು ಅಂತ. ಅದರ ಮೇಲೆ ನನ್ನದೇ ಸಹಿ. ಹಳೆಯ ಕಟ್ಟಡದಿಂದ ಹೊಸದಕ್ಕೆ ಬಂದಾಗ ಎಲ್ಲ ಗಂಟು ಬಿಚ್ಚಿ ಮತ್ತೆ ಕಟ್ಟಿದ್ದೆವು. ಕಡತದ ಮೇಲೆ ಎರಡು ತಾರೀಖು ಇರುತ್ತವೆ: ದಾವೆ ಹಾಕಿದ್ದು ಮೇಲೆ, ತೀರ್ಪಾದದ್ದು ಕೆಳಗೆ. ಕಟ್ಟಬೇಕಾದ್ದು ಕೆಳಗಿನ ತಾರೀಖಿನ ಪ್ರಕಾರ. ಗಾಡಿಯ ವೇಳೆಯಾಗಿ ಗಡಿಬಿಡಿಯಲ್ಲಿದ್ದ ಯಾವುದೋ ಸಂಜೆ ನಾನು ಮೇಲಿನದನ್ನು ನೋಡಿ ಎಲ್ಲೋ ಕಟ್ಟಿಬಿಟ್ಟಿದ್ದೇನೆ — ಅದು ನನಗೆ ಆ ಕ್ಷಣವೇ ಗೊತ್ತಾಯಿತು. ದಾವೆ ಹಾಕಿದ ವರ್ಷದ ಬಸ್ತಾಗಳನ್ನು ಒಂದೊಂದಾಗಿ ಬಿಚ್ಚಿದ್ದರೆ ಸಿಗುತ್ತಿತ್ತು. ಎರಡು ದಿನದ ಕೆಲಸ. ಆದರೆ ಮೇಲಿನ ಹಲಗೆಗೆ ಏಣಿ ಬೇಕು, ಏಣಿಗೆ ಶಿರಸ್ತೇದಾರರನ್ನು ಕೇಳಬೇಕು, ಅವರು ಯಾಕೆ ಅನ್ನುತ್ತಾರೆ, ಕಡತ ಸ್ಥಳ ತಪ್ಪಿದೆ ಅನ್ನಬೇಕು, ಕಟ್ಟಿದವರು ಯಾರು ಅನ್ನುತ್ತಾರೆ. ನನ್ನ ಬಡ್ತಿಯ ಕಾಗದ ಆಗ ಜಿಲ್ಲೆಗೆ ಹೋಗಿತ್ತು. ಒಂದು ಮೆಮೊ ಬಂದರೆ —

ಇಲ್ಲ. ಬಡ್ತಿಯ ಮಾತು ಇಲ್ಲಿಗೆ ಸಾಕು.

ಎಂಟನೆಯ ದಿನ ನೀನು ಬಂದಿ. ಮಡಿಕೆಯ ಗೆರೆ ಇನ್ನೂ ಮಾಸದ ಸೀರೆ ಉಟ್ಟುಕೊಂಡು, ಚೀಲದಲ್ಲಿ ನಕಲು ಮುದುರಬಾರದೆಂದು ರಟ್ಟಿನ ಫೈಲು ತಂದಿದ್ದಿ. ನಾನು ನಿನ್ನ ಮುಖ ನೋಡದೆ ಹೇಳಿದೆ:

‘ಇಲ್ಲ ತಂಗಿ, ಸಿಗಲಿಲ್ಲ. ನೀ ಹೇಳಿದ ವರ್ಷ ತಪ್ಪಿರಬೇಕು. ಇಲ್ಲಾ, ಕೇಸೇ ಹಾಕಿರಲಿಕ್ಕಿಲ್ಲ.’

ಕೊನೆಯ ಮಾತು ಬೇಕಾಗಿರಲಿಲ್ಲ. ಅದನ್ನು ಯಾಕೆ ಆಡಿದೆ? ನೀನು ಮತ್ತೆ ಬರಬಾರದು ಅಂತ. ಅದೇ ನಿಜ. ನೀನು ಕಿಟಕಿಯ ಕಟ್ಟೆಯ ಮೇಲೆ ಕೈಯಿಟ್ಟು, ‘ದೊಡ್ಡವ್ವ ಸುಳ್ಳು ಹೇಳಾಕಿ ಅಲ್ರಿ’ ಅಂದಿ. ಆಮೇಲೆ, ನಿನಗೇ ಹೇಳಿಕೊಳ್ಳುವಂತೆ, ‘ಅವ್ವನೇ ಅಕಿಗಿ ಸುಳ್ಳು ಹೇಳಿರಬೇಕು’ ಅಂದಿ. ಖಾಲಿ ಫೈಲನ್ನು ಚೀಲಕ್ಕೆ ಹಾಕಿಕೊಂಡು ಹೋದಿ. ನಾನು ಡಬ್ಬಿ ಬಿಚ್ಚಿ ಊಟ ಮಾಡಿದೆ. ಅವತ್ತು ರೊಟ್ಟಿಯ ಜೊತೆ ಏನಿತ್ತು ಅನ್ನುವುದೂ ನೆನಪಿದೆ. ಬದನೆಕಾಯಿ.

ಇಷ್ಟಕ್ಕೇ ನಿಂತಿದ್ದರೂ ಒಂದು ತಪ್ಪು ಅನ್ನಬಹುದಿತ್ತು.

ಎರಡು ವರ್ಷದ ಮೇಲೆ ಹಳೆಯ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡುವ ಆದೇಶ ಬಂತು. ಪ್ರತಿ ಗಂಟು ಬಿಚ್ಚಿ, ಕಾಗದ ಬೇರೆ ಮಾಡಬೇಕು. ತೀರ್ಪು, ಡಿಕ್ರಿ ಶಾಶ್ವತವಾಗಿ ಉಳಿಯುವಂಥವು. ಸಾಕ್ಷಿಗಳ ಹೇಳಿಕೆ ಮುಂತಾದವು ಅವಧಿ ಮುಗಿದಿದ್ದರೆ ನಾಶದ ಪಟ್ಟಿಗೆ. ಖಲೀಲ ಚಾಚಾ ಧೂಳು ಹೊಡೆದು ಕೊಡುತ್ತಿದ್ದರು, ನಾನು ವಿಂಗಡಿಸುತ್ತಿದ್ದೆ. ಒಂದು ಮಧ್ಯಾಹ್ನ ನಿನ್ನ ಕಡತ ಕೈಗೆ ಬಂತು. ದಾವೆ ಹಾಕಿದ ವರ್ಷದ ಬಸ್ತಾದಲ್ಲಿ, ನಾನು ಎಣಿಸಿದ್ದ ಜಾಗದಲ್ಲೇ.

ನಿನ್ನ ಅವ್ವನ ಹೇಳಿಕೆ ಇಡಿಯಾಗಿ ಇತ್ತು. ಸರಿಯಾದ ಬಸ್ತಾದಲ್ಲಿ ಇದ್ದಿದ್ದರೆ ಅದು ಎಂದೋ ಹೋಗಿರುತ್ತಿತ್ತು, ಆ ಗಂಟಿನ ಸಾಕ್ಷಿ ಕಾಗದಗಳೆಲ್ಲ ಕಟ್ಟಡ ಬದಲಾಯಿಸಿದ ಮೇಲೆ ನಾಶವಾಗಿದ್ದವು; ಇದು ಸೇರಿಕೊಂಡ ಹಳೆಯ ಗಂಟಿನ ಸರದಿ ಅದಕ್ಕೂ ಮೊದಲೇ ಮುಗಿದಿತ್ತು. ನನ್ನ ತಪ್ಪೇ ಅದನ್ನು ಉಳಿಸಿತ್ತು. ನಾನು ಮಾಡಬೇಕಾದ್ದು ಇಷ್ಟೇ ಇತ್ತು — ನಿನ್ನ ಹಳೆಯ ಅರ್ಜಿಯ ಮೇಲಿದ್ದ ಫೋನ್ ನಂಬರಿಗೆ ಒಂದು ಕರೆ.

ಊಟದ ಹೊತ್ತಿನಲ್ಲಿ ಬಾಗಿಲ ಬೆಳಕಿಗೆ ಕುಂತು ಅದನ್ನು ಮೂರು ಸಲ ಓದಿದೆ. ನಾಲ್ಕು ಹಾಳೆ. ಫೋನು ಚೀಲದಲ್ಲೇ ಇತ್ತು. ಖಲೀಲ ಚಾಚಾ ಚಹಾ ತಂದು ಇಟ್ಟು, ಕಡತದ ಹೆಸರು ಓದಿದರು.

‘ಅಕ್ಕಾರ, ಅವತ್ತು ಶಹಾಬಾದದಾಕಿ ಬಂದಿದ್ಲಲ್ಲ, ಅಗಸರ ಮನಿ ಅಂದಾಕಿ, ಅಕಿದೇ ಅಲ್ಲೇನ್ರಿ ಇದು?’

‘ಅಲ್ಲ ಚಾಚಾ. ಇದು ಬೇರೆ ಮಹಾದೇವಿ.’

ಅವರು ನನ್ನನ್ನೇ ನೋಡಿದರು. ಮೂವತ್ತು ವರ್ಷ ಆ ಕಾಗದಗಳ ನಡುವೆ ಇದ್ದ ಮನುಷ್ಯ. ‘ಆಯ್ತ್ ಬಿಡ್ರಿ’ ಅಂದು ಚಹಾದ ಲೋಟ ನನ್ನ ಕಡೆ ಸರಿಸಿ ಎದ್ದು ಹೋದರು. ಅವತ್ತಿನಿಂದ ನಿವೃತ್ತಿಯಾಗುವತನಕ ನನ್ನ ಜೊತೆ ನಗೆಚಾಟಿಕೆ ಮಾಡಲಿಲ್ಲ. ಕರೆದರೆ ಬರುತ್ತಿದ್ದರು, ಹೇಳಿದ್ದು ಮಾಡುತ್ತಿದ್ದರು, ಅಷ್ಟೆ.

ಈಗ ಕಡತ ಸಿಕ್ಕಿತು ಅಂದರೆ ಆಗ ಯಾಕೆ ಸಿಗಲಿಲ್ಲ ಅನ್ನುತ್ತಾರೆ — ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ತೀರ್ಪನ್ನು ಅದರ ಸರಿಯಾದ ಬಸ್ತಾಕ್ಕೆ ಸೇರಿಸಿದೆ. ನಾಲ್ಕು ಹಾಳೆಯನ್ನು ನಾಶದ ಪಟ್ಟಿಗೆ ಬರೆದೆ. ಸುಡುವ ಮೊದಲು ಕಾಗದ ಬೇಕಾದವರು ಬಂದು ಕೇಳಲಿ ಅಂತ ನೋಟೀಸು ಅಂಟಿಸುವ ಪದ್ಧತಿ ಉಂಟು. ಆ ನೋಟೀಸನ್ನು ಕೋರ್ಟಿನ ಹಲಗೆಗೆ ಅಂಟಿಸಿದವಳೂ ನಾನೇ. ಶಹಾಬಾದದಲ್ಲಿ ಕುಳಿತ ನೀನು ಅದನ್ನು ಹೇಗೆ ಓದಬೇಕಿತ್ತು? ಅವಧಿ ಮುಗಿಯಿತು. ಹಿತ್ತಲಿನಲ್ಲಿ, ಹಾಡಹಗಲೇ, ಎಲ್ಲ ಕಾಗದದ ಜೊತೆ ಅದೂ ಹೋಯಿತು. ನಿಯಮದ ಪ್ರಕಾರ. ನಿಯಮದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಆಮೇಲೆ ಬಡ್ತಿ ಬಂತು, ಬೇರೆ ತಾಲೂಕಿಗೆ ವರ್ಗವಾಯಿತು. ಮರೆತಿದ್ದೆನೇ? ಪೂರ್ತಿ ಅಲ್ಲ. ಯಾರಾದರೂ ರಟ್ಟಿನ ಫೈಲು ಹಿಡಿದು ಬಂದರೆ —

ಹೋದ ತಿಂಗಳು ವಾಡಿ ಸ್ಟೇಷನ್ನಿನಲ್ಲಿ ನೀನೇ ನನ್ನ ಗುರುತು ಹಿಡಿದಿ. ‘ಅಕ್ಕಾರ, ಕುಂದ್ರಿ ಬರ್ರಿ’ ಅಂತ ಬೆಂಚಿನ ಮೇಲಿದ್ದ ನಿನ್ನ ಗಂಟು ಎತ್ತಿ ತೊಡೆಯ ಮೇಲಿಟ್ಟುಕೊಂಡು ಜಾಗ ಕೊಟ್ಟಿ. ನಾನು ಬೇಡ ಅಂದರೂ ಚಹಾ ಕೊಡಿಸಿದಿ. ನಾನೇ ಕೇಳಿದೆ, ಅಪ್ಪನ ಊರ ಕಡೆ ಹೋಗಿದ್ದಿಯೇನು ಅಂತ.

‘ಯಾವ ಮುಖಾ ತಗೊಂಡು ಹೋಗ್ಲಿರಿ. ಅವ ಅಂದಿದ್ದೇ ಖರೇ ಆತಲ್ಲ. ಸಣ್ಣಾಕಿದ್ದಾಗ ಅವ್ವನ ಫೋಟೋಕ ದಿನಾ ಕೈ ಮುಗೀತಿದ್ದೆ. ಈಗ ಅಮಾಸಿಗೊಮ್ಮೆ ಒರಸ್ತೀನಿ, ಅಷ್ಟೇ.’ ಆಮೇಲೆ ನನ್ನ ಕೈ ಮುಟ್ಟಿ ಹೇಳಿದಿ: ‘ನೀವು ಎಂಟು ದಿನ ಹುಡುಕಿದ್ರಿ. ಅಷ್ಟು ಯಾರು ಮಾಡ್ತಾರ್ರಿ. ಭಾಳ ಉಪಕಾರ ಆತು ನಿಮ್ದು.’

ಗಾಡಿ ಬಂತು. ನೀನು ಹತ್ತಿದಿ. ಆಗಲೂ ನಾನು ಹೇಳಲಿಲ್ಲ. ಚಹಾದ ಲೋಟ ಹಿಡಿದು ನಿಂತಿದ್ದೆ.

ಮರುವಾರ ರಜೆ ಹಾಕಿ, ನಾನು ಒಳಗೆ ಕುಳಿತಿರುತ್ತಿದ್ದ ಅದೇ ಕಿಟಕಿಯ ಹೊರಗೆ ಸಾಲಿನಲ್ಲಿ ನಿಂತೆ. ಕೇಸಿಗೆ ಸಂಬಂಧಪಡದವರು ನಕಲು ಕೇಳಿದರೆ ಯಾಕೆ ಬೇಕು ಅಂತ ಪ್ರಮಾಣಪತ್ರದಲ್ಲಿ ಬರೆಯಬೇಕು. ನಾನು ಎಲ್ಲ ಬರೆದೆ. ರಿಜಿಸ್ಟರಿನಲ್ಲಿ ನೋಡಿದ್ದು, ಶರಾ ಬರೆದದ್ದು, ನಾಲ್ಕು ಹಾಳೆ. ಒಳಗಿದ್ದ ಹೆಣ್ಣುಮಗಳಿಗೆ ನನ್ನ ಪರಿಚಯ ಇರಲಿಲ್ಲ. ಓದಿ, ದನಿ ತಗ್ಗಿಸಿ ಕೇಳಿದಳು: ‘ಮೇಡಂ, ಇದನ್ನ ಹಿಂಗೇ ಕೊಡ್ತೀರೇನ್ರಿ? ಸಾಹೇಬ್ರ ಮುಂದ ಹೋಗ್ತದ ಇದು. ವಾರಸಾ ಕೆಲಸಕ್ಕ ಅಂತ ಒಂದು ಸಾಲು ಬರದ್ರೂ ನಡೀತಿತ್ತು.’

‘ಇರಲಿವ್ವ. ಹಿಂಗೇ ಇರಲಿ.’

ಅದಕ್ಕೆ ಏನು ಬರುತ್ತದೋ ಬರಲಿ, ಅದು ನನ್ನದು. ತೀರ್ಪು ಮತ್ತು ಡಿಕ್ರಿಯ ನಕಲು ಸಿಕ್ಕಿದೆ, ಈ ಪತ್ರದ ಜೊತೆ ಇಟ್ಟಿದ್ದೇನೆ, ರಟ್ಟಿನ ಫೈಲಿನಲ್ಲಿ. ಮುದುರಿಲ್ಲ. ವಂಶಾವಳಿಗೆ ನಿನ್ನ ಹೆಸರು ಸೇರಿಸಲು ಅಷ್ಟು ಸಾಕು. ಸೇಡಂಗೆ ನನ್ನನ್ನೂ ಕರೆದರೆ ಬರುತ್ತೇನೆ, ಆ ಊರವರ ಮುಂದೆಯೂ ಇದನ್ನೇ ಹೇಳುತ್ತೇನೆ. ಕರೆಯದಿದ್ದರೆ, ಅದೂ ಸರಿ. ಕ್ಷಮಿಸು ಅಂತ ಕೇಳುವುದಿಲ್ಲ.

ನೀನು ಕೇಳಿದ್ದ ಇನ್ನೊಂದು ಮಾತ್ರ ಇನ್ನು ಎಲ್ಲಿಯೂ ಇಲ್ಲ. ನನ್ನ ತಲೆಯಲ್ಲಿ ಉಳಿದಷ್ಟನ್ನು ಬರೆಯುತ್ತೇನೆ.

ಮೇಲೆ ನ್ಯಾಯಾಧೀಶರ ಟಿಪ್ಪಣಿ ಇತ್ತು: ಮಗುವಿಗೆ ಜ್ವರವಿರುವುದರಿಂದ ಸಾಕ್ಷಿಯು ಮಗುವನ್ನು ಎತ್ತಿಕೊಂಡೇ ಹೇಳಿಕೆ ಕೊಟ್ಟಿದ್ದಾರೆ. ಆ ಮಗು ನೀನು. ಆಮೇಲೆ ನಿನ್ನ ಅಪ್ಪನ ಕಡೆಯ ವಕೀಲರ ಸವಾಲುಗಳಿಗೆ ನಿನ್ನ ಅವ್ವನ ಉತ್ತರ, ಟೈಪಿಸ್ಟ್ ಬರೆದಂತೆ — ನಾನು ಹೊಲದ ಆಸೆಗೆ ದಾವೆ ಹಾಕಿದ್ದೇನೆ ಎಂದರೆ ಸರಿಯಲ್ಲ. ಈ ಮಗು ಪ್ರತಿವಾದಿಯದಲ್ಲ ಎಂದರೆ ಸರಿಯಲ್ಲ. ಯಾರೋ ಹೇಳಿಕೊಟ್ಟಂತೆ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ. ಹೀಗೆ ಎರಡು ಹಾಳೆ ಪೂರ್ತಿ, ಒಂದಕ್ಕೂ ಬಗ್ಗಿರಲಿಲ್ಲ. ಒಂದು ಮಾತನ್ನು ಮಾತ್ರ ಟೈಪಿಸ್ಟ್ ತಿದ್ದದೆ ಅವಳ ಬಾಯಲ್ಲಿ ಬಂದಂತೆಯೇ ಟೈಪು ಮಾಡಿದ್ದ: ‘ನಂಗೇನೂ ಬ್ಯಾಡ್ರಿ. ನಾಳಿ ಸಾಲ್ಯಾಗ ನಿಮ್ಮಪ್ಪ ಯಾರು ಅಂತ ಕೇಳಿದ್ರ ನನ್ನ ಕೂಸು ತಲಿ ಎತ್ತಿ ಹೇಳಬೇಕು.’ ಪ್ರತಿ ಹಾಳೆಯ ಕೆಳಗೆ ಸಹಿ. ಹೆಬ್ಬೆಟ್ಟಲ್ಲ, ಸಹಿ. ಅಕ್ಷರ ಸೊಟ್ಟಗಿದ್ದವು. ಒಂದು ಕೈಯಲ್ಲಿ ನಿನ್ನನ್ನು ಹಿಡಿದು ಬರೆದಿರಬೇಕು.

ನಾನು ಬರೆದುಕೊಟ್ಟ ಪ್ರತಿ ನಕಲಿನ ಕೆಳಗೆ ‘ಮೂಲದೊಂದಿಗೆ ಹೋಲಿಸಿ ನೋಡಲಾಗಿದೆ, ಸರಿಯಿದೆ’ ಎಂದು ಬರೆದು ಸಹಿ ಮಾಡುತ್ತಿದ್ದೆ. ಇದರ ಕೆಳಗೆ ಹಾಗೆ ಬರೆಯಲು ಬರುವುದಿಲ್ಲ, ಮಹಾದೇವಿ. ಹೋಲಿಸಿ ನೋಡಲು ಮೂಲ ಇಲ್ಲ. ನಾನು ಉಳಿಸಲಿಲ್ಲ.