ಲ್ಯಾಪ್‌ಟಾಪಿಗೆ ಸೆರಗಿನ ಪರೀಕ್ಷೆ

ಗಂಗಾವತಿಯ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಪರದೆಗೆ ದೊಡ್ಡವ್ವ ತನ್ನ ಇಳಕಲ್ ಸೀರೆಯ ಸೆರಗನ್ನು ತಾಗಿಸಿ ಹಿಡಿದಳು. ಪರದೆಯ ಮೇಲಿದ್ದುದು ಅದೇ ಸೀರೆಯುಟ್ಟ ಅವಳ ಫೋಟೊ, ನನ್ನ ಪೆನ್‌ಡ್ರೈವಿನದು. ಗಿರಾಕಿಗಳ ಮದುವೆ ಫೋಟೊ ತಿದ್ದಲು ಈ ಲ್ಯಾಪ್‌ಟಾಪ್ ಸಾಕೇ ಎಂದು ನಾನು ಅಲ್ಲೇ ನಿರ್ಧರಿಸಬೇಕಿತ್ತು. ಸೀರೆಯ ಬಣ್ಣ ತಪ್ಪಿದರೆ ಬೀಗರು ಆಲ್ಬಮ್ ವಾಪಸು ತರುತ್ತಾರೆ. ಕೆಂಪಿಗೆ ಕೆಂಪು ಹೊಂದಿತು.

ಆಮೇಲೆ ದೊಡ್ಡವ್ವ ಕನ್ನಡಕ ಹಾಕಿಕೊಂಡಳು. “ಸೀರಿ ಖರೇ ತೋರಸ್ತೈತಿ, ಮಾರಿ ಮಾತ್ರ ಸುಳ್ಳು. ಇಷ್ಟು ಸುಕ್ಕು ಯಾರವೋ ತಮ್ಮಾ?”

“ಪರದಿ ಭಾಳ ಕ್ಲಿಯರ್ ಐತ್ರಿ ಅಮ್ಮಾರ,” ಎಂದ ಅಂಗಡಿಯವ.

“ಹಂಗಾರ ನೀನ ಇಟ್ಕೋ!”

ಹಾಗೆಂದು ಅವಳು ನಕ್ಕಳೋ ಮುನಿದಳೋ, ನನ್ನ ನೆನಪನ್ನು ನಂಬಲಾರೆ.

ಲ್ಯಾಪ್‌ಟಾಪ್ ಕೊಂಡೆ. ಅದರಲ್ಲಿ ಮೊದಲು ತಿದ್ದಿದ್ದು ದೊಡ್ಡವ್ವನ ಫೋಟೊವನ್ನೇ. ಸೀರೆಯನ್ನು ಮಾತ್ರ ಮುಟ್ಟಲಿಲ್ಲ.