ಒಂಟೆಗಳ ವಕೀಲ ಲೆಂಗೊಸೆಕ್
ಹಸುವೇ ಬದುಕೆನ್ನುವ ನಮ್ಮ ಸಂಬುರು ಜನರಲ್ಲಿ ಹುಟ್ಟಿಯೂ ಲೆಂಗೊಸೆಕ್ ಮದುವೆಗೆ ಹೋಗಲಿ, ಸಾವಿಗೆ ಹೋಗಲಿ, ಮೊದಲು ಒಂಟೆಯ ಗುಣಗಾನ ಮಾಡಿ ಆಮೇಲೆ ಚಹಾಕ್ಕೆ ಕೈಚಾಚುತ್ತಾನೆ. ಮಳೆ ಮೊದಲಿನಂತೆ ಬರುವುದಿಲ್ಲ, ಹುಲ್ಲು ನಂಬಿದ ಹಸು ಮಾರಿ ಮುಳ್ಳುಗಿಡ ಮೇಯುವ ಒಂಟೆ ಕಟ್ಟಿ ಎಂಬುದು ಅವನ ಪಾಠ. ದೂರದ ಹಟ್ಟಿಗಳಿಂದಲೂ ಜನ ಕಲಿಯಲು ಬರುತ್ತಾರೆ. ಹಾಲು ಕರೆಯುವುದನ್ನು ತೋರಿಸಲು ಅವನು ಮಡಚಿದ ತೊಡೆಯ ಮೇಲೆ ಹಾಲಿನ ಸೋರೆಬುರುಡೆಯಿಟ್ಟು ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಲ್ಲುತ್ತಾನೆ. "ಒಂಟೆ ಒದ್ರೆ ಏನ್ ಮಾಡ್ಲಿ, ಮಾವ?" ಎಂದರೆ, "ಇನ್ನೊಂದ್ ಕಾಲೂ ಇದೆಯಲ್ಲ, ಓಡು!" ಎನ್ನುತ್ತಾನೆ. ಹಿಂದಿನ ಬರದಲ್ಲಿ ಅವನ ಹಸುಗಳೆಲ್ಲ ಸತ್ತವು. ಅಂದಿನಿಂದ ಹಸು ಎಂಬ ಮಾತನ್ನೇ ಬೈಗುಳದಂತೆ ಆಡುತ್ತಾನೆ. ಮೊನ್ನೆ ನನ್ನ ಕೊನೆಯ ಹಸು ನರೋಕ್‌ನ ಬೆನ್ನು ತಡವಿ, "ಅಕ್ಕಾ, ಪಕ್ಕೆಲುಬು ಕಾಣೋಕೆ ಮುಂಚೆ ಮಾರಿಬಿಡು. ನಿಂತಿರೋ ಹಸುವಿಗೆ ಒಂಟೆಮರಿ ಸಿಗುತ್ತೆ, ಬಿದ್ದ ಹಸುವಿಗೆ ಬರೋದು ಹದ್ದು ಮಾತ್ರ" ಎಂದ. ಅವನ ಮಾತು ಸರಿಯೆನಿಸಿತು. "ಹಾಗಾದ್ರೆ ನೀನೇ ವಾಂಬಾ ಸಂತೆಗೆ ಹೊಡ್ಕೊಂಡು ಹೋಗಪ್ಪ" ಎಂದು ಹಗ್ಗ ಕೊಟ್ಟೆ. ನರೋಕ್ ಅವನ ಮುಂಗೈ ನೆಕ್ಕಿತು. ಅವನು ಹಗ್ಗವನ್ನು ನನ್ನ ಕೈಗೇ ಮರಳಿಸಿದ: "ನೀನೇ ಹಿಡ್ಕೊಂಡು ಮುಂದೆ ನಡಿ ಅಕ್ಕಾ, ನಾನು ಹಿಂದಿಂದ ಬರ್ತೀನಿ. ಇದರ ಮುಖ ನೋಡ್ತಾ ಇದ್ರೆ ನನ್ನಿಂದ ಮಾರೋಕಾಗಲ್ಲ."