ಗುಡುಗಿಗೆ ಕಿತ್ತ ಪೆನ್‌ಡ್ರೈವ್

ಅವತ್ತು ಗುಡುಗು ಮೊದಲು ಕೇಳಿತೋ, ಪೆನ್‌ಡ್ರೈವಿಗೆ ಕಾಪಿ ಮುಗಿದದ್ದು ಮೊದಲೋ, ಈಗ ಹೇಳಲಾರೆ. ನನ್ನ ನೆನಪಿನಲ್ಲಿ ಎರಡೂ ಒಟ್ಟಿಗೇ ಆಗುತ್ತವೆ. ಅದಕ್ಕೇ ನನಗೆ ಅನುಮಾನ. ನಮ್ಮ ಹೊಸನಗರದಲ್ಲಿ ಯಾವುದೂ ಅಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ.

ಅತ್ತೆಗೆ, ಅಂದರೆ ನಮ್ಮ ಪಕ್ಕದ ಮನೆಯಲ್ಲೇ ಇರುವ ಅಪ್ಪನ ತಂಗಿಗೆ, ಗಂಟಲಲ್ಲಿ ಗಡ್ಡೆಯಾಗಿತ್ತು. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಆಪರೇಷನ್ ನಿಗದಿಯಾಗಿತ್ತು. ಆಮೇಲೆ ದನಿ ಮೊದಲಿನ ಹಾಗೇ ಬರುತ್ತದೆ ಅನ್ನಲಾಗದು ಎಂದಿದ್ದರು ಡಾಕ್ಟರು. ಸುತ್ತಲಿನ ಮದುವೆಗಳಲ್ಲೆಲ್ಲ ಸೋಬಾನೆ ಹೇಳಿದವಳು ಅವಳು. ತೀರ್ಥಹಳ್ಳಿಯಲ್ಲಿ ಅವಳ ಮಗಳ ಮಗಳ ಮದುವೆ ಆಪರೇಷನ್ನಾದ ಮೇಲಿನ ವಾರ. ನಾನು ಎಂದೋ ತೆಗೆದಿಟ್ಟ ಅವಳ ಹಾಡುಗಳ ವಿಡಿಯೊಗಳು ನನ್ನ ಲ್ಯಾಪ್‌ಟಾಪಿನಲ್ಲಿದ್ದವು. ತನ್ನ ಬದಲು ಮದುವೆಯಲ್ಲಿ ಅವು ಹಾಡಲಿ ಎಂದು ಅತ್ತೆಯೇ ತೀರ್ಮಾನಿಸಿದಳು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮಗಳ ಮನೆಯಲ್ಲಿ ಉಳಿದು ಪೆನ್‌ಡ್ರೈವ್ ಕೊಟ್ಟು ಹೋಗುವುದು ಎಂದಾಯಿತು.

ಲ್ಯಾಪ್‌ಟಾಪ್ ಆ ವಾರವೇ ತನ್ನನ್ನು ತಾನು ಅಪ್‌ಡೇಟ್ ಮಾಡಿಕೊಂಡಿತ್ತು. ಕಾಪಿಗೆ ಹಾಕಿದರೆ ಎಷ್ಟಾಯಿತೆಂದು ತೋರಿಸುವ ಪಟ್ಟಿ ಅಲುಗಾಡಲಿಲ್ಲ. ಅರ್ಧ ದಿನ ಬೇಕು ಅಂದಿತು, ಸ್ವಲ್ಪ ಹೊತ್ತಿಗೆ ಒಂದು ದಿನ ಅಂದಿತು, ಮತ್ತೆ ಅರ್ಧ ದಿನಕ್ಕೆ ಬಂತು. ಸಾಗರದ ಕಂಪ್ಯೂಟರ್ ಅಂಗಡಿಯವರಿಗೆ ಫೋನ್ ಮಾಡಿದೆ. ಬೇರೆ ಕಡೆ ಚುಚ್ಚಿ ನೋಡಿ ಅಂದರು, ಬೇರೆ ಪೆನ್‌ಡ್ರೈವ್ ಹಾಕಿ ನೋಡಿ ಅಂದರು, ಕೊನೆಗೆ ಹೊಸ ಲ್ಯಾಪ್‌ಟಾಪ್ ತೋರಿಸುತ್ತೇವೆ ಬನ್ನಿ ಅಂದರು.

ಸೆಟ್ಟಿಂಗ್ ಹುಡುಕುತ್ತಾ ಕೂತಾಗ ಕಾರಣ ಸಿಕ್ಕಿತು. ಅಪ್‌ಡೇಟ್ ಆದಮೇಲೆ ಪೆನ್‌ಡ್ರೈವನ್ನು ಯಾವಾಗ ಬೇಕಾದರೂ ಕೀಳಬಹುದು ಎನ್ನುವ ಆಯ್ಕೆ ಕೂತುಬಿಟ್ಟಿತ್ತು. ಹಾಗಾಗಿ ಪ್ರತಿ ಚೂರನ್ನೂ ಆಗಿಂದಾಗಲೇ ಬರೆದು ಮುಂದೆ ಹೋಗಬೇಕು, ಅದಕ್ಕೇ ನಿಧಾನ. ಇನ್ನೊಂದು ಆಯ್ಕೆಯಲ್ಲಿ ಲ್ಯಾಪ್‌ಟಾಪ್ ಎಲ್ಲವನ್ನೂ ಮೊದಲು ತನ್ನ ಕೈಯಲ್ಲಿ ಹಿಡಿದುಕೊಂಡು ಆಮೇಲೆ ಬರೆಯುತ್ತದೆ. ಕೆಲಸ ಬೇಗ ಆಗುತ್ತದೆ, ಆದರೆ ಕೀಳುವ ಮೊದಲು ಅದಕ್ಕೆ ತಿಳಿಸಬೇಕು. ನಾನು ಅದನ್ನೇ ಆರಿಸಿದೆ. ಪಟ್ಟಿ ಓಡಿತು.

ನಾನು ಹೇಳುವವರೆಗೆ ಕೀಳಬೇಡ ಎಂದು ಅತ್ತೆಗೆ ಹೇಳಿ ಅವಳು ಹೋಗುವ ಬಸ್ ಬಂತೇ ನೋಡಲು ರಸ್ತೆಗೆ ಹೋದೆ. ಅವಳು ತಲೆಯಾಡಿಸಿದ್ದಳು. ಆದರೆ ನಮ್ಮ ಕಡೆ ದೂರದಲ್ಲೆಲ್ಲೋ ಗುಡುಗಿದರೆ ಸಾಕು, ಟಿವಿ, ಫ್ರಿಜ್ಜು, ಚಾರ್ಜರ್ ಎಲ್ಲದರ ವಯರನ್ನೂ ಗೋಡೆಯಿಂದ ಕಿತ್ತಿಡುತ್ತೇವೆ. ಇದಕ್ಕೆ ಯಾರೂ ಯೋಚಿಸುವುದಿಲ್ಲ, ಕೈ ತಾನೇ ಹೋಗುತ್ತದೆ. ವಾಪಸ್ ಬಂದಾಗ ವಯರುಗಳೆಲ್ಲ ನೆಲದ ಮೇಲಿದ್ದವು, ಪೆನ್‌ಡ್ರೈವ್ ಅವಳ ಬ್ಯಾಗು ಸೇರಿತ್ತು.

“ಗುಡುಗ್ತಾ ಇದೆ ಮಾರಾಯ. ನನ್ನ ಹಾಡು ಸುಟ್ಟೋದ್ರೆ ನೀನು ಹೇಳ್ತೀಯಾ ಸೋಬಾನೆ?”

ಪರದೆಯ ಮೇಲೆ ಕಾಪಿ ಮುಗಿದಿದೆ ಎಂದೇ ಇತ್ತು. ಬಸ್ಸು ಹಾರನ್ ಹಾಕಿತು. ಅವಳೂ ಆಸ್ಪತ್ರೆಗೆ ಜೊತೆ ಹೊರಟಿದ್ದ ಅವಳ ಮಗನೂ ಹತ್ತಿದರು.

ಸಂಜೆ ತೀರ್ಥಹಳ್ಳಿಯಿಂದ ಫೋನ್. ಉಳಿದ ಹಾಡೆಲ್ಲ ಬರುತ್ತವಂತೆ, ಹೆಣ್ಣೊಪ್ಪಿಸುವ ಹಾಡು ಮಾತ್ರ ಇಲ್ಲ. ಫೈಲಿನ ಹೆಸರಿದೆ, ಒಳಗೆ ಏನೂ ಇಲ್ಲ. ಮುಗಿದಿದೆ ಎಂದು ತೋರಿಸಿದಾಗ ಇನ್ನೂ ಅದನ್ನು ಬರೆದೇ ಇರಲಿಲ್ಲ. ಮೊಬೈಲಿಗೆ ಕಳಿಸುತ್ತೇನೆ ಅಂದೆ.

“ಬೇಡ ಬಿಡು,” ಅಂದಳು ಅತ್ತೆ. “ಇವತ್ತಿನ್ನೂ ಗಂಟಲು ಇದೆಯಲ್ಲ.”

ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಹಾಡಿದಳಂತೆ, ಮಗಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಳಂತೆ. ನಾನು ಅಲ್ಲಿರಲಿಲ್ಲ, ಆದರೂ ಆ ಕೋಣೆ ನನಗೆ ನೆನಪಿದೆ. ಇಂಥ ನೆನಪನ್ನು ನಂಬಬಾರದು. ನಾನು ನಿಜವಾಗಿ ಕೇಳಿದ್ದು ಮದುವೆಯ ದಿನ, ಛತ್ರದ ಸ್ಪೀಕರಿನಲ್ಲಿ. ಅದರಲ್ಲಿ ಕುಕ್ಕರ್ ಕೂಗುತ್ತದೆ. ಯಾರೋ ಮೂಗು ಸೀಟುತ್ತಾರೆ. ನಡುವೆ ಅತ್ತೆ ಹಾಡು ನಿಲ್ಲಿಸಿ, “ಅಳಬೇಡ ಕಣೆ, ನಂಗೆ ಸಾಲು ತಪ್ತದೆ,” ಅನ್ನುತ್ತಾಳೆ. ಅದನ್ನು ಯಾರೂ ಕತ್ತರಿಸಿರಲಿಲ್ಲ. ಮದುಮಗಳು ಛತ್ರದಲ್ಲೂ ಆ ಮಾತು ಕೇಳಲಿಲ್ಲ.

ಅತ್ತೆಯ ದನಿ ಆಮೇಲೆ ಬಂತು, ದಪ್ಪವಾಗಿ. ಮಾತಿಗೆ ಸಾಕು, ಆ ಹಾಡಿನ ಎತ್ತರಕ್ಕೆ ಏರುವುದಿಲ್ಲ. ಕುಕ್ಕರಿನ ಸದ್ದಿಲ್ಲದ, ಸ್ಪಷ್ಟವಾದ ಹಳೆಯ ಪ್ರತಿ ಈಗಲೂ ನನ್ನ ಲ್ಯಾಪ್‌ಟಾಪಿನಲ್ಲಿದೆ. ಯಾರೂ ಕೇಳಿಲ್ಲ.

ಸೆಟ್ಟಿಂಗನ್ನು ಮತ್ತೆ ಯಾವಾಗ ಬೇಕಾದರೂ ಕೀಳಬಹುದು ಎನ್ನುವುದಕ್ಕೇ ಮಾಡಿಟ್ಟಿದ್ದೇನೆ. ಕಾಪಿ ತುಂಬ ನಿಧಾನ. ಗುಡುಗಿದಾಗ ಅತ್ತೆ ಬಂದು ಕೀಳುತ್ತಾಳೆ, ನಾನು ತಡೆಯುವುದಿಲ್ಲ.